ಎರಡನೆಯ ಹಾಳೆಯ ತಾರೀಖುಗಳು

ದೇವರಿಗೆ ಕೈಮುಗಿಯುವಾಗ ಕಣ್ಣು ಮುಚ್ಚುವುದನ್ನು ಅವನು ಬಿಟ್ಟು ಹದಿಮೂರು ದಿನವಾಗಿತ್ತು. ಮುಚ್ಚಿದರೆ ಸಾಕು, ರೆಪ್ಪೆಯ ಒಳಗೆ ಯಾರೋ ಸೀಮೆಸುಣ್ಣದಲ್ಲಿ ಬರೆದಿಟ್ಟ ಹಾಗೆ ಆ ಅಂಕಿ ಕಾಣುತ್ತಿತ್ತು: ಎಪ್ಪತ್ತಾರು ಸಾವಿರದ ಐನೂರು. ಇವತ್ತೂ ಕಣ್ಣು ತೆರೆದುಕೊಂಡೇ ಕೈಮುಗಿದ. ತೆರೆದ ಕಣ್ಣಿಗೆ ಎದುರು ಗೋಡೆಯ ಕಪಾಟು ಕಂಡಿತು, ಕಪಾಟಿನಲ್ಲಿ ಸಾಲಾಗಿ ಕೂತ ಪ್ಲಾಸ್ಟರಿನ ದವಡೆಗಳು ಕಂಡವು. ಹಲ್ಲು ಕಟ್ಟುವುದು ಅವನ ಕಸುಬು. ಡಾಕ್ಟರುಗಳು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಇವನು ಅದರೊಳಗೆ ಪ್ಲಾಸ್ಟರ್ ಹುಯ್ದು ಬಾಯಿಯನ್ನು ಮೇಜಿನ ಮೇಲೆ ತಂದಿಟ್ಟುಕೊಂಡು, ಮೇಣದಲ್ಲಿ ವಸಡು ಕಟ್ಟಿ, ಹಲ್ಲು ಕೂರಿಸಿ, ತಿಕ್ಕಿ ಹೊಳಪು ಕೊಟ್ಟು ವಾಪಸು ಕಳಿಸುತ್ತಾನೆ. ಮೂವತ್ತು ವರ್ಷದಲ್ಲಿ ಊರಿನ ಅರ್ಧ ಬಾಯಿಗಳು ಈ ಕೋಣೆಯಲ್ಲಿ ಹಾದುಹೋಗಿವೆ. ಅವುಗಳ ಒಡೆಯರನ್ನು ಅವನು ನೋಡಿದ್ದು ಕಡಿಮೆ. ಬಸ್ಸಿನಲ್ಲಿ ಎದುರು ಕೂತ ಮುದುಕಿ ಆಕಳಿಸಿದರೆ, ಇದು ನನ್ನ ಕೈಯದು ಎಂದು ಒಂದು ಕ್ಷಣ ಹಿಗ್ಗಿ, ತಕ್ಷಣ ಯಾರದೋ ಮನೆಯೊಳಗೆ ಇಣುಕಿದವನ ಹಾಗೆ ಕಣ್ಣು ತಿರುಗಿಸಿಕೊಳ್ಳುತ್ತಿದ್ದ. ಬ್ಯಾಂಕಿನ ಪತ್ರ ಮೇಜಿನ ಮೇಲೆ, ಒಂದು ಕೆಳದವಡೆಯ ಭಾರದಡಿ ಇತ್ತು. ಹದಿನಾಲ್ಕು ದಿನದೊಳಗೆ ಸಹಿ ಮಾಡಿ ಒಪ್ಪಿಸಬೇಕು ಎಂದು ಅದರಲ್ಲಿ ಬರೆದಿತ್ತು. ಇವತ್ತು ಹದಿನಾಲ್ಕನೆಯ ದಿನ.

“ರೀ, ಆ ಕಾಗದವನ್ನ ಇನ್ನೆಷ್ಟು ಸಲ ಓದ್ತೀರಿ? ಓದಿದ್ರೆ ಅಂಕಿ ಮರಿ ಹಾಕುತ್ತಾ?” ಹೆಂಡತಿ ಟೀ ಲೋಟವನ್ನು ಮೇಜಿನ ಅಂಚಿಗಿಟ್ಟು, ಅಲ್ಲೇ ನಿಂತಳು. ಟೀ ಕೊಟ್ಟು ಹೋಗುವವಳು ನಿಂತಳೆಂದರೆ ಮಾತು ಇನ್ನೂ ಇದೆ ಎಂದರ್ಥ. “ಮೋಟಾರಿನ ಅಂಗಡಿಯವನು ನಿನ್ನೆನೂ ಕೇಳಿದ. ನನ್ನ ಕೈಯಿಂದ ಮುಂಗಡ ಕೊಟ್ಟು ಬಂದಿದ್ದೀನಿ, ನೆನಪಿರಲಿ. ಇವತ್ತು ಸೈನ್ ಹಾಕಿಲ್ಲ ಅಂದ್ರೆ ಅದೂ ಹೋಯ್ತು, ಇದೂ ಹೋಯ್ತು.”

ಅವನು ಹೂಂ ಅಂದ. ಹೊಳಪು ಕೊಡುವ ಮೋಟಾರು ಸುಟ್ಟು ಎರಡು ತಿಂಗಳಾಗಿತ್ತು. ಅಂದಿನಿಂದ ಒಂದೊಂದು ಸೆಟ್ಟನ್ನೂ ಬಟ್ಟೆ, ಪುಡಿ, ಹೆಬ್ಬೆರಳಿನಲ್ಲಿ ತಿಕ್ಕುತ್ತಿದ್ದ. ಗಂಟೆಯ ಕೆಲಸ ದಿನಕ್ಕೆ ಬಂದು ನಿಂತಿತ್ತು. ಇಬ್ಬರು ಡಾಕ್ಟರುಗಳು ಆಗಲೇ ಅಚ್ಚುಗಳನ್ನು ಬೇರೆ ಕಡೆ ಕಳಿಸಲು ಶುರುಮಾಡಿದ್ದರು, ಹಾಗೆಂದು ಹೇಳದೆ. ದಿನವೂ ಬರುತ್ತಿದ್ದ ಪೊಟ್ಟಣ ಎರಡು ದಿನಕ್ಕೊಮ್ಮೆ ಬರತೊಡಗಿದಾಗ ಅವನಿಗೆ ತಿಳಿದಿತ್ತು. ಹೆಬ್ಬೆರಳಿನ ಚರ್ಮ ನುಣುಪಾಗಿ ಗೆರೆ ಅಳಿದುಹೋಗಿತ್ತು. ಬೆರಳಚ್ಚು ಒತ್ತಿ ಅಂತ ಯಾರಾದರೂ ಅಂದರೆ ಏನು ಒತ್ತುವುದು ಎಂದು ಒಮ್ಮೆ ನಕ್ಕಿದ್ದ. ಹೆಂಡತಿ ನಕ್ಕಿರಲಿಲ್ಲ.

ಬ್ಯಾಂಕಿನಿಂದ ದುಡ್ಡು ವಾಪಸು ಕೇಳಬಹುದೆಂಬುದೇ ಅವನಿಗೆ ಗೊತ್ತಿರಲಿಲ್ಲ. ಪಕ್ಕದ ಮನೆಯ ರಿಟೈರಾದ ಮೇಷ್ಟ್ರು ಪೇಪರು ಮಡಚಿಕೊಂಡು ಬಂದು, “ಏನಪ್ಪಾ, ಖಾತೆಯಲ್ಲಿ ದುಡ್ಡು ಕಮ್ಮಿ ಇದ್ದಾಗೆಲ್ಲ ನಿನಗೂ ದಂಡ ಹಾಕ್ತಿದ್ರಲ್ಲ? ಅದು ತಪ್ಪು ಅಂತ ಮೇಲಿನವರು ಹೇಳಿದ್ದಾರೆ. ಕೇಳಿದವರಿಗೆ ವಾಪಸು ಕೊಡಬೇಕಂತೆ. ಕೇಳಿದವರಿಗೆ ಮಾತ್ರ,” ಎಂದಿದ್ದರು. ಮೇಷ್ಟ್ರು ತಮ್ಮ ಜೀವಮಾನವಿಡೀ ಬೇರೆಯವರ ತಪ್ಪು ತಿದ್ದಿದವರು, ಅವರಿಗೆ ಉತ್ಸಾಹ ಬಂದಿತ್ತು. ಇಬ್ಬರೂ ಕೂತು ಪಾಸ್‌ಬುಕ್ಕುಗಳನ್ನು ಹರಡಿಕೊಂಡು ಹನ್ನೊಂದು ಸಾವಿರದ ಇನ್ನೂರ ನಲವತ್ತು ಎಂದು ಕೂಡಿಸಿದ್ದರು. ಫಾರಮ್ಮನ್ನು ಮಾತ್ರ ಇವನು ರಾತ್ರಿ ಊಟ ಮುಗಿಸಿ ಒಬ್ಬನೇ ತುಂಬಿದ್ದ. ಒಂದೂವರೆ ತಿಂಗಳಿಗೆ ಉತ್ತರ ಬಂತು. ತಮಗಾದ ಅನನುಕೂಲಕ್ಕೆ ವಿಷಾದಿಸುತ್ತೇವೆ. ಪೂರ್ಣ ಮತ್ತು ಅಂತಿಮ ಇತ್ಯರ್ಥವಾಗಿ ಈ ಕೆಳಗಿನ ಮೊತ್ತ. ಅದನ್ನು ಓದಿ ಅವನ ಎದೆ ಹೊಡೆದುಕೊಂಡ ರೀತಿ ಸಂತೋಷದ್ದೋ, ಕಳ್ಳತನದ್ದೋ, ಇವತ್ತಿಗೂ ಹೇಳಲು ಬರುತ್ತಿರಲಿಲ್ಲ. ಪತ್ರಕ್ಕೆ ಪಟ್ಟಿ ಲಗತ್ತಿಸಿದ್ದರು. ಮೊದಲ ಹಾಳೆಯ ತಾರೀಖುಗಳು ಅವನವೇ, ಒಂದೊಂದೂ ಪಾಸ್‌ಬುಕ್ಕಿನೊಡನೆ ತಾಳೆಯಾದವು. ಎರಡನೆಯ ಹಾಳೆ ಅವನದಲ್ಲ. ಮೂರನೆಯದೂ ಅಲ್ಲ, ನಾಲ್ಕನೆಯದೂ ಅಲ್ಲ. ಒಂಬತ್ತು ವರ್ಷದ ತಾರೀಖುಗಳು, ನೂರಕ್ಕೂ ಮೇಲಿನ ಸಾಲುಗಳು, ಹೆಚ್ಚುಕಡಿಮೆ ಎಲ್ಲವೂ ತಿಂಗಳ ಐದನೆಯ ದಿನ. ಅರವತ್ತೈದು ಸಾವಿರದ ಇನ್ನೂರ ಅರವತ್ತು.

“ದೇವರು ಕೊಟ್ಟಿದ್ದು,” ಎಂದಿದ್ದಳು ಹೆಂಡತಿ, “ನೀವೇನು ಕದ್ರಾ? ಅವರೇ ಬರೆದು, ಅವರೇ ಸೀಲು ಹಾಕಿ, ಅವರೇ ಅಂಚೆಗೆ ಹಾಕಿದ್ದಾರೆ.” ದೇವರ ಹೆಸರು ಬಂದಾಗ ಅವನಿಗೆ ಇದ್ದಕ್ಕಿದ್ದಂತೆ ಹಾಯೆನಿಸಿತ್ತು. ನಲವತ್ತು ವರ್ಷ ತಪ್ಪದೆ ಕೈಮುಗಿದವನಿಗೆ ಒಂದು ಸಲವಾದರೂ ಅಲ್ಲಿಂದ ಉತ್ತರ ಬರಬಾರದೇ? ಆದರೆ ಉತ್ತರ ಬ್ಯಾಂಕಿನ ಲಕೋಟೆಯಲ್ಲಿ ಬರಬಹುದು ಎಂದು ಒಪ್ಪಿದ ಮನಸ್ಸು, ಎರಡನೆಯ ಹಾಳೆಯಲ್ಲಿ ಯಾಕೆ ಬರಬೇಕು ಎಂದು ಕೇಳುತ್ತಿತ್ತು. ಮೇಷ್ಟ್ರಿಗೆ ತೋರಿಸಿದಾಗ ಅವರು ಕನ್ನಡಕವನ್ನು ಹಣೆಗೇರಿಸಿ, “ಇದು ಯಾರದ್ದೋ ನಿನ್ನ ಎಲೆಗೆ ಬಿದ್ದಿದೆ ಕಣಪ್ಪಾ,” ಎಂದರು. “ಸೈನ್ ಮಾಡಬೇಡ. ಯಾವ ಸಾಲು ನನ್ನದು, ಯಾವುದು ಅಲ್ಲ ಅಂತ ಬರೆದು ಕೊಡು, ಸರಿಯಾದ ಪತ್ರ ಕೇಳು. ಇವತ್ತು ತಗೊಂಡ್ರೆ ನಾಳೆ ಗೊತ್ತಾದಾಗ ಕಿತ್ಕೊಳ್ತಾರೆ, ಆಗ ನಿನ್ನ ಹನ್ನೊಂದು ಸಾವಿರದ ಮೇಲೂ ಅನುಮಾನ. ಅದೂ ಇರಲಿ, ಪೂರ್ಣ ಮತ್ತು ಅಂತಿಮ ಅಂತ ಇದೆ ನೋಡು. ನೀನು ಸೈನ್ ಹಾಕಿದ್ರೆ ಆ ಇನ್ನೊಬ್ಬನ ಲೆಕ್ಕವೂ ಮುಗಿದುಹೋಯ್ತು. ಅವನು ನಾಳೆ ಬಂದು ಕೇಳಿದ್ರೆ, ಕೊಟ್ಟಾಯ್ತಲ್ಲ ಅಂತಾರೆ.” ಆ ಇನ್ನೊಬ್ಬ ಯಾರೋ ಏನೋ ಎಂದು ಇವನು ಅಂದಿದ್ದ. ಅಂದ ಧ್ವನಿ ತನಗೇ ಸ್ವಲ್ಪ ಎತ್ತರವಾಗಿ ಕೇಳಿಸಿತ್ತು.

ಅಪ್ಪ ಇದ್ದ ಕಾಲದಲ್ಲಿ ಒಂದು ಸಲ ಇಬ್ಬರ ಸೆಟ್ಟುಗಳು ಅದಲುಬದಲಾಗಿದ್ದವು. ಒಬ್ಬ ಸಂಕೋಚದ ಮನುಷ್ಯ ಬೇರೆಯವನ ಹಲ್ಲನ್ನು ಒಂದು ತಿಂಗಳು ಬಾಯಲ್ಲಿಟ್ಟುಕೊಂಡು, ವಸಡು ಹುಣ್ಣಾಗಿ, ತನ್ನ ಬಾಯಿಯೇ ಸರಿಯಿಲ್ಲ ಎಂದು ಕ್ಷಮೆ ಕೇಳಿಕೊಂಡು ಬಂದಿದ್ದ. ಆಗ ಇದೇ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದ ಅಣ್ಣ ಆ ಸೆಟ್ಟನ್ನು ಕೈಯಲ್ಲಿ ತಿರುಗಿಸಿ ನೋಡಿ, “ಸ್ವಾಮಿ, ಇದು ನಿಮ್ಮದಲ್ಲ, ದಿನಸಿ ಅಂಗಡಿಯವರದ್ದು. ಅವರು ನಿಮ್ಮದನ್ನ ಹಾಕ್ಕೊಂಡು ತಿಂಗಳಿಂದ ಗಂಜಿ ಕುಡೀತಿದ್ದಾರೆ,” ಅಂದಾಗ ಕೋಣೆಯೆಲ್ಲ ನಗು. ನಗದಿದ್ದವನು ಅಪ್ಪ ಒಬ್ಬನೇ. ಅವತ್ತಿನಿಂದ ಅಪ್ಪ ಒಂದು ಕಟ್ಟಳೆ ಮಾಡಿದ: ಪ್ಲಾಸ್ಟರ್ ಹಸಿಯಾಗಿರುವಾಗಲೇ ಪ್ರತಿ ದವಡೆಯ ಅಡಿಯಲ್ಲಿ ಸೂಜಿಯಿಂದ ತಾರೀಖು, ಹೆಸರು ಗೀರಬೇಕು. ಅಪ್ಪ ಹೋದರೂ ಸೂಜಿ ನಿಂತಿರಲಿಲ್ಲ. ಹೀಗೆ ಆ ಕಪಾಟು, ಬೇರೆಯವರು ಡೈರಿ ಬರೆಯುವ ಹಾಗೆ, ಅವನ ಬದುಕಿನ ದಿನಗಳನ್ನೆಲ್ಲ ಬಾಯಿ ತೆರೆದು ಇಟ್ಟುಕೊಂಡು ಕೂತಿತ್ತು. ಪತ್ರ ಬಂದ ಮೂರನೆಯ ದಿನ, ಹೆಂಡತಿ ಪೇಟೆಗೆ ಹೋಗಿದ್ದಾಗ, ಯಾಕೆಂದು ತನಗೇ ತಿಳಿಯದೆ ಅವನು ಎರಡನೆಯ ಹಾಳೆಯನ್ನು ಕೈಯಲ್ಲಿ ಹಿಡಿದು ಕಪಾಟಿನ ಮುಂದೆ ನಿಂತಿದ್ದ. ಪಟ್ಟಿಯಲ್ಲಿ ಒಂದೇ ಒಂದು ಸಾಲು ಮಾತ್ರ ಐದನೆಯ ತಾರೀಖು ಬಿಟ್ಟು ಬೇರೆ ದಿನದ್ದಾಗಿತ್ತು. ಜೂನ್ ಹತ್ತೊಂಬತ್ತು, ಆರು ವರ್ಷದ ಹಿಂದೆ: ಚೆಕ್ ವಾಪಸು, ದಂಡ. ಅವನು ಜೂನ್ ಹದಿನೆಂಟರ ದವಡೆಯನ್ನು ಹುಡುಕಿ ತೆಗೆದು ತಿರುಗಿಸಿದ. ಒಬ್ಬ ಬಸ್ ಕಂಡಕ್ಟರನದು. ಎಡಗಡೆಯ ಕೋರೆಹಲ್ಲಿನ ಜಾಗದಲ್ಲಿ ಒಂದು ಗಾಳಿಗುಳ್ಳೆ ಉಳಿದುಹೋಗಿತ್ತು, ಅಂಥ ಗುಳ್ಳೆ ಅವನ ಕೈಯಲ್ಲಿ ಎಂದೂ ಉಳಿಯುವುದಲ್ಲ. ಆ ಗುಳ್ಳೆಯ ಮೇಲೆ ಬೆರಳಿಟ್ಟೊಡನೆ ಇಡೀ ಮಧ್ಯಾಹ್ನ ಎದ್ದು ನಿಂತಿತು.

ಅವನು ಪ್ಲಾಸ್ಟರ್ ಕಲಸುತ್ತಿದ್ದ. ಬಾಗಿಲಲ್ಲಿ ಬೆಳಕು ಮಂಕಾಯಿತು. ತಲೆಯೆತ್ತದೆಯೇ ಗೊತ್ತಾಯಿತು, ಅಣ್ಣ. ಕೋಣೆ ಬಿಟ್ಟುಹೋಗಿ ಮೂರು ವರ್ಷವಾಗಿತ್ತು ಆಗ. “ಮಗಳ ಫೀಸು ಕಟ್ಟಬೇಕು, ಚೆಕ್ ಕೊಟ್ಟುಬಿಟ್ಟಿದ್ದೀನಿ, ನಾಳೆ ಹಾಕ್ತಾರೆ. ಒಂದು ವಾರದ ಮಟ್ಟಿಗೆ...” ಎಂದು ಅಣ್ಣ ಹೊಸ್ತಿಲಿನ ಆಚೆಯಿಂದಲೇ ಹೇಳಿದ್ದ. “ಪ್ಲಾಸ್ಟರ್ ಕೈಯಲ್ಲಿದೆ, ಗಟ್ಟಿಯಾಗಿಬಿಡುತ್ತೆ, ನಿಲ್ಲು,” ಎಂದಿದ್ದ ಇವನು. ಅದು ಸುಳ್ಳಲ್ಲ, ಕಲಸಿದ ಪ್ಲಾಸ್ಟರ್ ಯಾರಿಗಾಗಿಯೂ ಕಾಯುವುದಿಲ್ಲ. ಅದನ್ನು ಇವನಿಗೆ ಕಲಿಸಿದವನೇ ಅಣ್ಣ. ಆದ್ದರಿಂದ ಅಣ್ಣ ನಿಂತ. ಹುಯ್ದದ್ದಾಯಿತು, ತಟ್ಟಿ ಗಾಳಿ ಬಿಡಿಸಿದ್ದಾಯಿತು, ಸೂಜಿಯಿಂದ ತಾರೀಖು ಗೀರಿದ್ದಾಯಿತು. ಇನ್ನು ಕೈ ತೊಳೆದು ಮಾತಾಡಬೇಕು. ಮೇಜಿನ ಖಾನೆಯಲ್ಲಿ ದುಡ್ಡಿತ್ತು. ಬೆಳಿಗ್ಗೆಯಷ್ಟೇ ಡಾಕ್ಟರೊಬ್ಬರು ಕೊಟ್ಟು ಹೋಗಿದ್ದರು. ಅವನು ಕೈ ತೊಳೆಯಲಿಲ್ಲ. ಇನ್ನೊಂದು ಬಟ್ಟಲು ತೆಗೆದುಕೊಂಡು, ಅದಕ್ಕೆ ನೀರು ಹಾಕಿ, ಪುಡಿ ಹಾಕಿ, ಮತ್ತೆ ಕಲಸಲು ಶುರುಮಾಡಿದ. ಹುಯ್ಯಲು ಅವತ್ತು ಇನ್ನೊಂದು ಅಚ್ಚೇ ಇರಲಿಲ್ಲ. ಅಣ್ಣ ಅದನ್ನು ನೋಡಿದ್ದಿರಬೇಕು, ಅವನಿಗಲ್ಲದೆ ಇನ್ಯಾರಿಗೆ ತಿಳಿಯುತ್ತದೆ. ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಮತ್ತೆ ಬೆಳಕು ಬಂತು. ಬಟ್ಟಲಿನಲ್ಲಿ ಪ್ಲಾಸ್ಟರ್ ಬಿಸಿಯಾಗಿ, ಕಲ್ಲಾಯಿತು. ಅದನ್ನು ಬಿಡಿಸಲು ಬಟ್ಟಲನ್ನೇ ಒಡೆಯಬೇಕಾಯಿತು.

ಹಾಗಾದರೆ ಗೊತ್ತಿತ್ತು. ಮೂರನೆಯ ದಿನದಿಂದಲೇ ಗೊತ್ತಿತ್ತು. ಆದರೆ ಗೊತ್ತಿರುವುದಕ್ಕೂ ಗೊತ್ತೆಂದು ಒಪ್ಪುವುದಕ್ಕೂ ನಡುವೆ ಒಂದು ಕೋಣೆಯಿದೆ, ಅದರಲ್ಲಿ ಮನುಷ್ಯ ಬಹಳ ದಿನ ಬಾಡಿಗೆ ಕೊಡದೆ ಇರಬಹುದು. ಹತ್ತನೆಯ ದಿನ ಆ ಕೋಣೆಯಿಂದಲೂ ಅವನು ಹೊರಬೀಳಬೇಕಾಯಿತು. ಮೇಜಿನ ಕೆಳಗಿನ ಮರದ ಪೆಟ್ಟಿಗೆಯಲ್ಲಿ ಹಳೆಯ ಕಾಗದ ಇಡುತ್ತಿದ್ದ. ಪ್ಲಾಸ್ಟರ್ ಹನಿ ಬೀಳುತ್ತದೆಂದು ಮೇಜಿನ ಮೇಲೆ ಹಾಸಲು. ಒಂದನ್ನು ಎಳೆದಾಗ ಬ್ಯಾಂಕಿನ ಲಕೋಟೆ ಬಂತು. ಅಣ್ಣನ ಹೆಸರು. ಕೋಣೆ ಬಿಟ್ಟುಹೋದ ಅಣ್ಣ ಬ್ಯಾಂಕಿನಲ್ಲಿ ವಿಳಾಸ ಬದಲಿಸಿರಲಿಲ್ಲ. ಬ್ಯಾಂಕಿನ ಮೆಟ್ಟಿಲು ಅವನಿಗೆ ಮೊದಲಿನಿಂದ ಆಗದು. ಲಕೋಟೆಗಳು ಇಲ್ಲಿಗೇ ಬರುತ್ತಿದ್ದವು. ಮೊದಲನೆಯದನ್ನು ಇವನು ಕಪಾಟಿನ ಮೇಲಿಟ್ಟಿದ್ದ, ಬಂದರೆ ತಗೊಂಡು ಹೋಗಲಿ ಎಂದು. ಎರಡನೆಯದನ್ನೂ. ಆಮೇಲೆ ಯಾವಾಗಲೋ ಒಂದು ದಿನ, ಹಾಸಲು ಕಾಗದವಿಲ್ಲದಾಗ, ಕೈ ಅತ್ತ ಹೋಗಿತ್ತು. ಮೊದಲ ಬಿಳಿ ಹನಿ ಅಣ್ಣನ ಹೆಸರಿನ ಮೇಲೆ ಬಿದ್ದಾಗ ಏನೋ ಒಂದು ಸಣ್ಣ ಸಮಾಧಾನವಾಗಿತ್ತು ಎಂಬುದು ಈಗ ನೆನಪಾಯಿತು. ಒಂಬತ್ತು ವರ್ಷ ಹಾಸಿ, ಬಿಸಾಕಿ, ಉಳಿದದ್ದು ಹದಿನೇಳು. ಒಂದನ್ನು ಒಡೆದು ನೋಡಿದ. ನಿಮ್ಮ ಸಾಲದ ಕಂತು ಐದನೆಯ ತಾರೀಖು, ನಿಮ್ಮ ಸಂಬಳ ಜಮೆಯಾಗುವುದು ಏಳನೆಯ ತಾರೀಖು, ಆದ್ದರಿಂದ ಪ್ರತಿ ತಿಂಗಳೂ ದಂಡ ಬೀಳುತ್ತಿದೆ. ಕಂತಿನ ದಿನ ಬದಲಿಸಲು ಕೆಳಗಿನ ಚೀಟಿಯನ್ನು ಹರಿದು ಸಹಿ ಮಾಡಿ ಕಳಿಸಿ, ಇದಕ್ಕೆ ಶುಲ್ಕವಿಲ್ಲ. ಚೀಟಿಯ ಅಂಚಿಗೆ ಹರಿಯಲು ಅನುಕೂಲವಾಗುವಂತೆ ತೂತುಗಳ ಸಾಲು. ಎರಡು ದಿನದ ಅಂತರ. ಒಂದು ಲಕೋಟೆ. ಒಂದೇ ಒಂದನ್ನು ಯಾರಾದರೂ ಬಸ್ಸು ಹತ್ತಿ ಕೊಟ್ಟು ಬಂದಿದ್ದರೆ, ಎರಡನೆಯ ಹಾಳೆಯೇ ಇರುತ್ತಿರಲಿಲ್ಲ.

“ಸೈನ್ ಹಾಕಿ,” ಎಂದಳು ಹೆಂಡತಿ ಮತ್ತೆ. ಈ ಸಲ ಧ್ವನಿ ಮೆತ್ತಗಿತ್ತು. ಅವಳು ಅವನ ಹೆಬ್ಬೆರಳನ್ನು ನೋಡುತ್ತಿದ್ದಳು. “ನನಗೇನು ಚಿನ್ನ ಬೇಕಾ? ನಿಮ್ಮ ಕೈ ನೋಡೋಕಾಗಲ್ಲ ನನಗೆ.”

ಹಾಗೆ ಅಂದದ್ದಕ್ಕೆ ಅವನು ಸಹಿ ಹಾಕಿದ. ಬೈದಿದ್ದರೆ ಹಾಕುತ್ತಿರಲಿಲ್ಲವೇನೋ. ಪತ್ರವನ್ನು ಮಡಚಿ ಜೇಬಿಗಿಟ್ಟು, ಅವಳು ಒಳಗೆ ಹೋದ ಮೇಲೆ, ಆ ಹದಿನೇಳು ಲಕೋಟೆಗಳನ್ನು ದಾರದಲ್ಲಿ ಕಟ್ಟಿ ಚೀಲಕ್ಕೆ ಹಾಕಿಕೊಂಡ. ಬ್ಯಾಂಕಿನ ಹತ್ತಿರ ದೊಡ್ಡ ಕಸದ ತೊಟ್ಟಿಯಿದೆ. ಎರಡೂ ಕೆಲಸ ಒಂದೇ ದಾರಿಯಲ್ಲಿ ಮುಗಿಯಲಿ ಎಂಬುದು ಅವನ ಲೆಕ್ಕ.

ಬಿಸಿಲು ಆಗಲೇ ಚುರುಕಾಗಿತ್ತು. ಪಾದಚಾರಿ ಕಟ್ಟೆಯ ಮೇಲೆ ಅವನ ನೆರಳು ಮುಂದೆ ಮುಂದೆ ಹೋಗುತ್ತಿತ್ತು. ಒಂದು ಅಂಗಡಿಯ ಗಾಜಿಗೆ ಬಿಸಿಲು ಬಡಿದು, ಅದರ ಬೆಳಕಿಗೆ ಇನ್ನೊಂದು ನೆರಳು, ತೆಳ್ಳಗಿನದು, ಪಕ್ಕಕ್ಕೆ ಬಿತ್ತು. ಅಮ್ಮನ ಕಥೆ ನೆನಪಾಯಿತು. ಹಳ್ಳಿಯಿಂದ ಬರುವಾಗ ಅಮ್ಮ ತಂದ ಆಸ್ತಿಯೆಂದರೆ ಕಥೆಗಳು. ಒಂದೂರಲ್ಲಿ ಒಬ್ಬನಿಗೆ, ಬೆಳಿಗ್ಗೆ ಎದ್ದು ನೋಡ್ತಾನೆ, ಎರಡು ನೆರಳು. ಸೂರ್ಯನ ಕೈತಪ್ಪು. ಅವನಿಗೋ ಕುಣಿಯುವಷ್ಟು ಸಂತೋಷ, ಊರಲ್ಲಿ ಯಾರಿಗಿದೆ ಎರಡು? ಒಂದನ್ನು ಹಾಸಿಕೊಂಡ, ಇನ್ನೊಂದನ್ನು ಹೊದ್ದುಕೊಂಡ. ನಾಲ್ಕು ದಿನ ಕಳೆಯಿತು. ಐದನೆಯ ದಿನ ನಡೆಯುವಾಗ ಒಂದು ನೆರಳು ಭಾರ ಅನ್ನಿಸತೊಡಗಿತು, ಹಿಂದಕ್ಕೆ ಎಳೆಯತೊಡಗಿತು. ಆಗ ಬಯಲಲ್ಲಿ ಒಬ್ಬ ನೆರಳೇ ಇಲ್ಲದವನು ಬಿಸಿಲಲ್ಲಿ ಕೂತಿರುವುದು ಕಾಣಿಸಿತು... ಇಲ್ಲಿಗೆ ಬರುವಷ್ಟರಲ್ಲಿ ಇವನಿಗೆ ಪ್ರತಿ ಸಲವೂ ನಿದ್ದೆ ಬಂದುಬಿಡುತ್ತಿತ್ತು. ಅಮ್ಮನ ಈ ಪಕ್ಕ ಇವನು, ಆ ಪಕ್ಕ ಅಣ್ಣ. ಅಣ್ಣ ಎಚ್ಚರವಾಗಿರುತ್ತಿದ್ದ, ಅವನಿಗೆ ಕೊನೆ ಗೊತ್ತು.

ತೊಟ್ಟಿಯ ಹತ್ತಿರ ಕಸ ಗುಡಿಸುವಾಕೆ ಪೊರಕೆಗೆ ಗಲ್ಲ ಆನಿಸಿ ನಿಂತಿದ್ದಳು. ಅವನು ಚೀಲದೊಳಗೆ ಕೈಹಾಕಿ ನಿಂತ. “ಕಾಗದ ಆದ್ರೆ ಈ ಕಡೆ ಹಾಕಿ, ಒದ್ದೆ ಆದ್ರೆ ಆ ಕಡೆ,” ಎಂದಳು. ಪ್ಲಾಸ್ಟರ್ ಬಿದ್ದ ಕಾಗದ ಯಾವ ಕಡೆ ಎಂದು ಅವಳಿಗೂ ಗೊತ್ತಿರಲಾರದು. ಅವನು ಕೈಯನ್ನು ಬರಿದಾಗಿ ಹೊರತೆಗೆದು, ಏನೋ ಮರೆತವನ ಹಾಗೆ ತಲೆ ಕೆರೆದುಕೊಂಡು, ಬ್ಯಾಂಕಿನ ಮೆಟ್ಟಿಲು ಹತ್ತಿದ.

ಕೌಂಟರಿನಲ್ಲಿ ಒಬ್ಬಳು ಹುಡುಗಿ, ಕೆಳಸಾಲಿನ ಒಂದು ಹಲ್ಲು ಸ್ವಲ್ಪ ಓರೆ. ಅವಳು ಪತ್ರಕ್ಕಾಗಿ ಕೈ ಚಾಚಿದಳು. “ಕೊಡಿ ಸರ್, ಇವತ್ತೇ ಕೊನೆ ದಿನ ಅಲ್ವಾ? ಸಾಯಂಕಾಲದೊಳಗೆ ಹಾಕಿಬಿಡ್ತೀನಿ.”

ಅವನು ಪತ್ರವನ್ನು ಕೊಡಲಿಲ್ಲ, ಹಿಡಿದುಕೊಂಡ. “ಒಂದು ಮಾತು ಅಮ್ಮಾ. ಇದರೊಳಗಿನ ಕೆಲವು ಸಾಲು ನಂದಲ್ಲ ಅಂತಿಟ್ಕೊಳ್ಳಿ.”

“ಕಮ್ಮಿ ಕೊಟ್ಟಿದ್ದಾರಾ? ದೂರಿನ ಫಾರಂ ಇದೆ.”

“ಕಮ್ಮಿ ಅಲ್ಲ. ಜಾಸ್ತಿ.”

ಹುಡುಗಿ ಅವನ ಮುಖ ನೋಡಿದಳು. ಖಾನೆ ಎಳೆದು ನೋಡಿದಳು. ಪಕ್ಕದವಳನ್ನು ಕೇಳಿದಳು. “ಜಾಸ್ತಿಗೆ ಫಾರಂ ಇಲ್ಲ ಸರ್,” ಎಂದಳು ಕೊನೆಗೆ, ನಿಜವಾಗಿಯೂ ಬೇಸರವಾದವಳ ಹಾಗೆ. “ಯಾರೂ ಕೇಳಿರಲಿಲ್ಲ.” ಸಾಲಿನಲ್ಲಿ ಹಿಂದೆ ನಿಂತವನು ಜೋರಾಗಿ ನಕ್ಕ. “ಅವರದ್ದಲ್ಲ ಅಂದ್ರೆ ನನಗೆ ಹಾಕ್ಬಿಡಿ ಮೇಡಂ, ನನಗೆ ಯಾವ ಸಾಲಾದ್ರೂ ನಡೆಯುತ್ತೆ.” ಒಳ್ಳೆಯವನೆನ್ನಿಸಿಕೊಳ್ಳಲು ಬಂದವನೆಂದು ಇವರೆಲ್ಲ ತಿಳಿದಿದ್ದಾರೆ. ಚೀಲದಲ್ಲಿ ಏನಿದೆಯೆಂದು ಯಾರಿಗೂ ಗೊತ್ತಿಲ್ಲ. ತಪ್ಪು ಬ್ಯಾಂಕಿನದು, ನೀವು ಎರಡು ಖಾತೆ ಸೇರಿಸಿಬಿಟ್ಟಿದ್ದೀರಿ, ಎಂದು ಅವನು ಸ್ವಲ್ಪ ಗಡುಸಾಗಿಯೇ ಹೇಳಿದ. ಆ ಗಡುಸಿನಲ್ಲಿ ಒಂದು ಆಸರೆಯಿತ್ತು.

ಹುಡುಗಿ ಕಂಪ್ಯೂಟರನ್ನು ತಿರುಗಿಸಿ ತೋರಿಸಿದಳು. “ನಾವಲ್ಲ ಸರ್. ನೋಡಿ, ನಿಮ್ಮ ಫಾರಂ. ಹಿಂದೆ ಬೇರೆ ಖಾತೆ ಇದ್ದರೆ ಅದರ ನಂಬರು ಅಂತ ಕೇಳಿದ್ದಾರೆ, ನೀವೇ ಬರೆದಿದ್ದೀರಿ. ಮನೆತನದ ಹೆಸರು ಒಂದೇ, ವಿಳಾಸ ಒಂದೇ, ಅವರು ನಿಮ್ಮದೇ ಅಂದ್ಕೊಂಡಿದ್ದಾರೆ. ಇದು ನಿಮ್ಮ ಅಕ್ಷರ ಅಲ್ವಾ?”

ಅವನದೇ ಅಕ್ಷರ. ದವಡೆಯಡಿ ಗೀರಿ ಗೀರಿ ಅಭ್ಯಾಸವಾದ, ಸೂಜಿಮೊನೆಯಂಥ ಸಣ್ಣ ಅಂಕಿಗಳು. ಮೊದಲು ತನಗೊಂದು ಹಳೆಯ ಖಾತೆಯಿತ್ತು, ಅದು ಮುಚ್ಚಿ ಬಹಳ ಕಾಲವಾಗಿತ್ತು. ಅವತ್ತು ರಾತ್ರಿ ಆ ನಂಬರನ್ನು ನೆನಪಿಸಿಕೊಂಡು ಬರೆದಿದ್ದ. ನೆನಪಿಸಿಕೊಂಡೆ ಎಂದುಕೊಂಡಿದ್ದ. ಈಗ ಪರದೆಯ ಮೇಲೆ ಓದಿದರೆ ಅದು ಅಣ್ಣನ ನಂಬರು. ಹನ್ನೊಂದು ವರ್ಷ, ಪ್ರತಿ ಶನಿವಾರ, ಇಬ್ಬರ ಕೂಲಿಯನ್ನೂ ಅಪ್ಪ ಇವನ ಕೈಗೇ ಕೊಡುತ್ತಿದ್ದ. ಅಣ್ಣನಿಗೆ ಬ್ಯಾಂಕೆಂದರೆ ಅಲರ್ಜಿ, ನೀನೇ ಹಾಕಿ ಬಾ ಎನ್ನುತ್ತಿದ್ದ. ಇವನು ಸಾಲಿನಲ್ಲಿ ನಿಂತು ಮೊದಲು ಅಣ್ಣನ ಚೀಟಿ ಬರೆಯುತ್ತಿದ್ದ, ಆಮೇಲೆ ತನ್ನದು, ಹಿರಿಯವನು ಮೊದಲು. ಆ ನಂಬರನ್ನು ಐನೂರು ಸಲ ಬರೆದಿದ್ದಿರಬೇಕು. ತನ್ನದನ್ನು ಮನಸ್ಸು ಮರೆತುಹೋಗಿತ್ತು. ಅಣ್ಣನದನ್ನು ಕೈ ಮರೆತಿರಲಿಲ್ಲ. ಒಂಬತ್ತು ವರ್ಷ ಅವನ ಹೆಸರಿನ ಮೇಲೆ ಬಿಳಿ ಹನಿ ಚೆಲ್ಲಿದ ಅದೇ ಕೈ, ಯಾರೂ ಕೇಳದೆ, ಯಾರಿಗೂ ಹೇಳದೆ, ಅವನಿಗಾಗಿ ಸಾಲಿನಲ್ಲಿ ನಿಂತು ಚೀಟಿ ಬರೆದು ಬಂದಿತ್ತು. ಕೌಂಟರಿನ ಕಟ್ಟೆಯನ್ನು ಹಿಡಿದುಕೊಂಡು ಅವನು ತನ್ನ ಕೈಯನ್ನೇ ನೋಡಿದ. ನೀನು ಯಾರ ಕಡೆಯವನು ಎಂದು ಕೇಳುವ ಹಾಗೆ.

“ನೀರು ಬೇಕಾ ಸರ್?”

ಬೇಡವೆಂದ. ಮೂಲೆಯ ಮೇಜಿನಲ್ಲಿ ದಾರ ಕಟ್ಟಿದ ಪೆನ್ನಿತ್ತು. ಸಹಿ ಮಾಡಿದ ಪತ್ರದ ಮೇಲೆ ಅಡ್ಡಗೆರೆ ಎಳೆದ. ಬಿಳಿ ಹಾಳೆಯ ಮೇಲೆ, ಮೇಷ್ಟ್ರು ಹೇಳಿದ್ದ ಹಾಗೆ, ಮೊದಲ ಹಾಳೆಯ ಸಾಲುಗಳು ನನ್ನವು, ಹನ್ನೊಂದು ಸಾವಿರದ ಇನ್ನೂರ ನಲವತ್ತಕ್ಕೆ ಸರಿಯಾದ ಪತ್ರ ಕೊಡಬೇಕು; ಉಳಿದ ಸಾಲುಗಳು ನನ್ನ ಅಣ್ಣನ ಖಾತೆಯವು, ನಂಬರನ್ನು ನಾನೇ ತಪ್ಪಾಗಿ ಬರೆದೆ ಎಂದು ಬರೆದ. ಪೆನ್ನಿನ ದಾರ ಗಿಡ್ಡ, ಬಗ್ಗಿ ಬರೆಯಬೇಕಾಯಿತು. ಹುಡುಗಿ ಓದಿ, ಸೀಲು ಹೊಡೆದು, ನಕಲು ಕೊಟ್ಟಳು. “ನಿಮ್ಮದು ಬರೋಕೆ ಇನ್ನೂ ಒಂದು ತಿಂಗಳು ಹಿಡಿಯುತ್ತೆ. ನಿಮ್ಮ ಅಣ್ಣನವರು ತಾವೇ ಬಂದು ಕೇಳಬೇಕು, ನಾವು ಕರೆಯೋ ಹಾಗಿಲ್ಲ. ಈ ತಿಂಗಳ ಕೊನೆಗೆ ಮುಗೀತು, ಆಮೇಲೆ ತಗೊಳ್ಳಲ್ಲ.” ಆಮೇಲೆ ದನಿ ತಗ್ಗಿಸಿ, “ನೀವು ಅದನ್ನ ಕೊಟ್ಟುಬಿಟ್ಟಿದ್ರೆ ಅವರ ಲೆಕ್ಕ ಮುಗಿದೇಹೋಗ್ತಿತ್ತು ಸರ್,” ಎಂದಳು. ಹೊಗಳಿಕೆ ಎಂದು ತಿಳಿದು ಹೇಳಿದಳು. ಅವನು ತಲೆ ತಗ್ಗಿಸಿ ಹೊರಟ. ತಿಂಗಳ ಕೊನೆಗೆ ನಾಲ್ಕು ದಿನವಿತ್ತು.

ಬಸ್ಸಿನಲ್ಲಿ ಕೂತಾಗ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಹೆಂಡತಿ. ಎತ್ತಲಿಲ್ಲ. ಅವಳಿಗೆ ಹೇಳಬೇಕು, ಮೋಟಾರಿನವನಿಗೆ ಹೇಳಬೇಕು, ಮುಂಗಡ ಹೋಗುತ್ತದೆ. ಆದರೆ ಹೇಳುವ ಮಾತುಗಳಲ್ಲಿ ಮೊದಲನೆಯದು ಅವಳದಲ್ಲ, ಹಿರಿಯವನದು. ಕಾಗದ ಮಾತ್ರ ಕೊಟ್ಟು ಬರಬಹುದಲ್ಲ ಎಂದು ಮನಸ್ಸು ಮೆಲ್ಲಗೆ ಹೇಳಿತು. ಪಟ್ಟಿ ಕೊಡು, ಬ್ಯಾಂಕಿಗೆ ಹೋಗು ಅನ್ನು, ನಂಬರು ತಪ್ಪಾಗಿ ನಿನ್ನದು ನನಗೆ ಬಂತು ಅನ್ನು. ಅಣ್ಣ ಸಂತೋಷಪಡುತ್ತಾನೆ, ಅತ್ತಿಗೆ ಟೀ ಕೊಡುತ್ತಾಳೆ, ನೀನು ದೊಡ್ಡವನಾಗಿ ಎದ್ದು ಬರುತ್ತೀಯ. ಚೀಲ ತೊಡೆಯ ಮೇಲಿತ್ತು. ಹದಿನೇಳು ಲಕೋಟೆಗಳು ಅಷ್ಟು ಭಾರವಿರುವುದಿಲ್ಲ.

ಬಾಗಿಲು ತೆರೆದವಳು ಅತ್ತಿಗೆ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ, ನೋಡಿ, ಮತ್ತೆ ನೋಡಿ, “ಓಹೋ, ದಾರಿ ತಪ್ಪಿ ಬಂದ ಹಾಗಿದೆ,” ಎಂದಳು. “ಬಾ. ಯಾರು ಸತ್ರು?”

“ಯಾರೂ ಇಲ್ಲ ಅತ್ತಿಗೆ.”

“ಹಾಗಾದ್ರೆ ಕೂತ್ಕೋ.”

ಅಣ್ಣ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದ. ಈಗ ಒಂದು ದೊಡ್ಡ ದಂತದ ಆಸ್ಪತ್ರೆಯ ಬಾಗಿಲಲ್ಲಿ ಕೂತು ಟೋಕನ್ ಕೊಡುವ ಕೆಲಸ ಎಂದು ಯಾರೋ ಹೇಳಿದ್ದರು. ಕೈ ನಡುಗುತ್ತದಂತೆ, ಹಲ್ಲು ಕೂರಿಸಲು ಬರುವುದಿಲ್ಲವಂತೆ. ಕೈ ನಡುಗುತ್ತಿರುವುದು ಕಂಡಿತು. ಆದರೆ ಕಣ್ಣು ಹೋದದ್ದು ಬಾಯಿಗೆ. ಅಣ್ಣನ ಮೇಲಿನ ಸಾಲಿನ ಮುಂದಿನ ನಾಲ್ಕೂ ಇರಲಿಲ್ಲ. ಕೆಲಸ ಕಲಿಯುವಾಗ ಇಬ್ಬರೂ ಒಬ್ಬರ ಬಾಯಿ ಒಬ್ಬರು ಅಚ್ಚು ತೆಗೆದುಕೊಂಡಿದ್ದರು. ಅಣ್ಣನ ಇಪ್ಪತ್ತು ವರ್ಷದ ಬಾಯಿ, ಮೂವತ್ತೆರಡೂ ಇರುವುದು, ಕಪಾಟಿನ ಮೇಲಿನ ಹಲಗೆಯಲ್ಲಿ ಇನ್ನೂ ಇದೆ. ಊರಿಗೆಲ್ಲ ಹಲ್ಲು ಕಟ್ಟಿದವನು. ಅಣ್ಣ ಅವನ ನೋಟವನ್ನು ಕಂಡು ಕೈಯನ್ನು ಬಾಯಿಗೆ ಅಡ್ಡ ಹಿಡಿದು ನಕ್ಕ. “ಬರ್ತಾ ಬರ್ತಾನೇ ಬಾಯಿ ನೋಡ್ತಾನೆ ನೋಡೇ. ಕಸುಬು ಬಿಡಲ್ಲ.”

ಅವನು ಪಟ್ಟಿ ಕೊಟ್ಟ. ನಂಬರಿನ ವಿಷಯ ಹೇಳಿದ, ನಾಲ್ಕು ದಿನದ ವಿಷಯ ಹೇಳಿದ. ಅಣ್ಣ ಕಾಗದವನ್ನು ಮೊಣಕಾಲ ಮೇಲಿಟ್ಟು, ನಡುಕ ನಿಲ್ಲಲೆಂದು ಬೆರಳನ್ನು ಒತ್ತಿ ಹಿಡಿದು, ಸಾಲು ಸಾಲಾಗಿ ಓದಿದ. ದೇವರ ಪುಸ್ತಕ ಓದುವ ಹಾಗೆ, ತುಟಿಯಾಡಿಸುತ್ತ. “ಇದು ಮಗಳ ಫೀಸು,” ಎಂದ, ಜೂನ್ ಹತ್ತೊಂಬತ್ತರ ಮೇಲೆ ಬೆರಳಿಟ್ಟು. ಬೆರಳು ಅಲ್ಲಿ ಸ್ವಲ್ಪ ಹೊತ್ತು ನಿಂತು ಮುಂದೆ ಹೋಯಿತು. ಅತ್ತಿಗೆ ಮೊತ್ತವನ್ನು ಮಾತ್ರ ನೋಡಿ ಗೋಡೆಗೆ ಒರಗಿದಳು. “ಬ್ಯಾಂಕಿನವರು ಇಷ್ಟನ್ನ ತಿಂದ್ರಾ? ತಿಂಗಳ ಕೊನೆಗೆ ನಾನು ಎಲ್ಲಿ ಕೈ ಬಿಗಿ ಮಾಡ್ಲಿ ಎಲ್ಲಿ ಮಾಡ್ಲಿ ಅಂತ ತಲೆ ಕೆಡಿಸ್ಕೊಳ್ತಿದ್ದೆ. ಇವರ ಹಲ್ಲೇ ಕಟ್ಟಿಸೋಣ ಅಂತ ಮೂರು ಸಲ ಎತ್ತಿಟ್ಟಿದ್ದೆ.” ಅಣ್ಣ, “ಆಯ್ತು ಬಿಡೆ, ಅವನು ಬಂದು ಹೇಳಿದ್ನಲ್ಲ,” ಎಂದ. ಅವಳು ಇವನ ಕಡೆ ನೋಡಿ, “ಹೌದಪ್ಪ, ನೀನು ತಗೊಂಡು ಸುಮ್ಮನಿದ್ರೆ ನಮಗೇನು ತಿಳೀತಿತ್ತು,” ಎಂದು ಟೀ ಇಡಲು ಒಳಗೆ ಹೋದಳು. ಬಸ್ಸಿನಲ್ಲಿ ಮನಸ್ಸು ಹೇಳಿದ್ದೆಲ್ಲ ಹಾಗೆ ಹಾಗೆಯೇ ನಡೆಯುತ್ತಿತ್ತು.

ಇಬ್ಬರೇ ಉಳಿದರು. ಏನಾದರೂ ಹೇಳಬೇಕಿತ್ತು, ಹೇಳಬೇಕಾದ್ದನ್ನು ಬಿಟ್ಟು. “ಅಣ್ಣ, ಅಮ್ಮ ಹೇಳ್ತಿದ್ಲಲ್ಲ, ಎರಡು ನೆರಳಿನವನ ಕಥೆ. ಕೊನೆಗೆ ಏನಾಗುತ್ತೆ?”

ಅಣ್ಣ ಪಟ್ಟಿಯಿಂದ ತಲೆಯೆತ್ತಿದ. “ನನಗೇನು ಗೊತ್ತು? ನೀನು ನಿದ್ದೆ ಹೋದ ತಕ್ಷಣ ನಿಲ್ಲಿಸಿಬಿಡ್ತಿದ್ಲು. ಮುಂದೇನು ಅಂದ್ರೆ, ಶ್, ಮಗು ಮಲಗಿದೆ, ನಾಳೆ ಅನ್ನೋಳು.” ಸ್ವಲ್ಪ ತಡೆದು, “ನಾಳೆ ಮತ್ತೆ ಮೊದಲಿಂದ ಹೇಳು ಅಂತ ನೀನೇ ಹಟ ಮಾಡ್ತಿದ್ದೆ,” ಎಂದ. ದೂರಿನ ಧ್ವನಿಯಲ್ಲ. ಪಟ್ಟಿಯಲ್ಲಿ ಇನ್ನೊಂದು ಸಾಲು ಓದಿದ ಹಾಗೆ. ಆಮೇಲೆ ಕಾಗದವನ್ನು ನಾಲ್ಕಾಗಿ ಮಡಚುತ್ತ, “ಅಲ್ಲ ಕಣೋ, ಒಂಬತ್ತು ವರ್ಷ ಹಿಡ್ಕೊಂಡಿದ್ದಾರೆ, ಒಂದು ಕಾಗದ ಹಾಕಿ ಹೇಳಬಾರದಾ ಇವರು? ಹೀಗೆ ಹೀಗೆ, ಸರಿ ಮಾಡ್ಕೋ ಅಂತ. ಒಂದೇ ಒಂದು ಕಾಗದ,” ಎಂದ.

ಒಳಗಿನಿಂದ ಲೋಟಗಳ ಸದ್ದು ಬಂತು. ಅವನಿಗೆ ತಾನು ಬಟ್ಟಲಿಗೆ ನೀರು ಸುರಿದ ಸದ್ದು ಕೇಳಿಸಿತು, ಪುಡಿ ಸುರಿದ ಸದ್ದು ಕೇಳಿಸಿತು. ಅವನು ಕಣ್ಣು ಮುಚ್ಚಿದ. ಅಂಕಿ ಕಾಣಲಿಲ್ಲ. ಕಣ್ಣು ತೆರೆದು, ಚೀಲದೊಳಗೆ ಕೈಹಾಕಿ, ದಾರ ಕಟ್ಟಿದ ಕಟ್ಟನ್ನು ತೆಗೆದು ಅಣ್ಣನ ಮೊಣಕಾಲ ಮೇಲಿಟ್ಟ.

“ಹಾಕಿದ್ದಾರೆ,” ಎಂದ. “ನಮ್ಮ ಕೋಣೆಗೆ ಬರ್ತಿತ್ತು. ನಾನು ಮೇಜಿನ ಮೇಲೆ ಹಾಸ್ತಿದ್ದೆ.”

ಅಣ್ಣ ಕಟ್ಟನ್ನು ಬಿಚ್ಚಲಿಲ್ಲ. ಮೇಲಿನ ಲಕೋಟೆಯ ಮೇಲೆ ತನ್ನ ಹೆಸರಿನ ಅರ್ಧ ಕಾಣುತ್ತಿತ್ತು, ಉಳಿದರ್ಧದ ಮೇಲೆ ಹಳೆಯ ಪ್ಲಾಸ್ಟರಿನ ಹಕ್ಕಳೆ. ಅವನು ಅದನ್ನು ಬಹಳ ಹೊತ್ತು ನೋಡಿದ. ಆಮೇಲೆ ನಡುಗುವ ಹೆಬ್ಬೆರಳಿನ ಉಗುರಿನಿಂದ ಅಂಚನ್ನು ಕೆರೆದ. ಗಟ್ಟಿಯಾಗಿ ಏಳದೆ ಪುಡಿಯಾಗಿ ಉದುರಿತು. ಆ ಪುಡಿಯನ್ನು ಎರಡು ಬೆರಳ ನಡುವೆ ಉಜ್ಜಿ, ಕಿಟಕಿಯ ಬೆಳಕಿಗೆ ಹಿಡಿದು, ಕೆಲಸ ಕಲಿಸುತ್ತಿದ್ದ ದಿನಗಳಲ್ಲಿ ನೋಡುತ್ತಿದ್ದ ಹಾಗೆಯೇ ನೋಡಿದ.

“ನೀರು ಜಾಸ್ತಿ ಹಾಕ್ತಿದ್ದೀಯ,” ಎಂದ. ಬಾಯಿಗೆ ಕೈ ಅಡ್ಡ ಹಿಡಿಯುವುದನ್ನು ಮರೆತಿದ್ದ.